ಮೇಲಿನ ಮನೆಯ ತೆಪ್ಸಿ

ಆಮ್ಸ್ಟೆಲ್‌ವೀನಿನ ನಮ್ಮ ಮನೆಯ ಅಡುಗೆಮನೆ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಅಮ್ಮಿ ಚಪಾತಿ ಲಟ್ಟಿಸಲು ನಿಂತಾಗ ಯಾರೂ ಫ್ರಿಜ್ಜಿನ ಬಾಗಿಲು ತೆಗೆಯುವಂತಿರಲಿಲ್ಲ. ಅಬ್ಬಾಗೆ ಹಾಲು ಬೇಕೆನಿಸುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಹೀಗಾಗಿ ಸಂಜೆಗೊಂದು ಸಣ್ಣ ಜಗಳ ನಮ್ಮಲ್ಲಿ ಖಾಯಂ ಇತ್ತು, ಅದಿಲ್ಲದ ದಿನ ಊಟ ಸಪ್ಪೆ ಅನಿಸುತ್ತಿತ್ತು. ಕಿಟಕಿಯಿಂದ ನೋಡಿದರೆ ಸೈಕಲ್ ನಿಲ್ಲಿಸುವ ಷೆಡ್ಡು, ಅದರಾಚೆ ಕಾಲುವೆ, ಕಾಲುವೆಯಾಚೆ ಆಮ್‌ಸ್ಟರ್‌ಡ್ಯಾಮಿಗೆ ಹೋಗುವ ಟ್ರಾಮಿನ ತಂತಿಗಳು. ಆ ಕಿಟಕಿಯ ಕಟ್ಟೆಯ ಮೇಲೆ ಎರಡು ಪಾತ್ರೆಗಳಲ್ಲಿ ಒಂದು ಯಾವಾಗಲೂ ಇರುತ್ತಿತ್ತು. ಒಂದೋ ನಮ್ಮ ಸ್ಟೀಲ್ ಡಬ್ಬಿ, ಇಲ್ಲವೇ ಮೇಲಿನ ಮನೆಯವರ ತೆಪ್ಸಿ. ತೆಪ್ಸಿ ಅಂದರೆ ಅಂಚು ಎತ್ತರವಿರುವ ದುಂಡನೆಯ ತಗಡಿನ ತಟ್ಟೆ, ಓವನ್ನಿನಲ್ಲಿಟ್ಟೂ ಇಟ್ಟೂ ಕಪ್ಪಾಗಿದ್ದದ್ದು. ಎರಡೂ ಒಟ್ಟಿಗೆ ಒಂದೇ ಮನೆಯಲ್ಲಿ ಇದ್ದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಡಬ್ಬಿ ಬಂದದ್ದು ಹರಿಹರದಿಂದ. ಅಮ್ಮಿಯ ತಂದೆಗೆ, ಅಂದರೆ ನಮ್ಮ ನಾನಾಗೆ, ಅಲ್ಲಿ ಸೈಕಲ್ ಶಾಪ್ ಇತ್ತು. ಮಗಳ ಮದುವೆಗೆ ಪಾತ್ರೆ ಅಂಗಡಿಗೆ ಹೋಗಿ, ಪ್ರತಿಯೊಂದರ ಮೇಲೂ ಹೆಸರು ಕೊರೆಸುವ ತನಕ ಸ್ಟೂಲಿನ ಮೇಲೆ ಕೂತೇ ಇದ್ದರಂತೆ. ಮಿಕ್ಕ ಪಾತ್ರೆಗಳೆಲ್ಲ ಊರಲ್ಲೇ ಉಳಿದವು, ವಿಮಾನ ಹತ್ತಿದ್ದು ಈ ಡಬ್ಬಿ ಮಾತ್ರ. ಮುಚ್ಚಳದ ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ 'ಮಹಬೂಬಿ, ಹರಿಹರ' ಎಂದಿತ್ತು. ಆ ಮುಚ್ಚಳ ಭಾರಿ ಹಟಮಾರಿ. ಒಮ್ಮೆ ಕೂತರೆ ಮತ್ತೆ ಏಳುತ್ತಿರಲಿಲ್ಲ. 'ಮ' ಅಕ್ಷರದ ಮೇಲೆ ಸರಿಯಾಗಿ ಅಂಗೈಯ ಬುಡದಿಂದ ಒಂದು ಏಟು ಹಾಕಿದರೆ ಮಾತ್ರ ಪಕ್ಕನೆ ಬಿಟ್ಟುಕೊಳ್ಳುತ್ತಿತ್ತು. ಈ ಗುಟ್ಟು ಅಮ್ಮಿಗೆ ಮತ್ತು ನನಗೆ ಗೊತ್ತಿತ್ತು. ಅಬ್ಬಾ ಎಷ್ಟು ವರ್ಷವಾದರೂ ಚಮಚದ ಹಿಡಿಯಿಂದ ಮೀಟುತ್ತಲೇ ಇದ್ದರು.

ನಾವು ನೆದರ್‌ಲ್ಯಾಂಡಿಗೆ ಹೋದದ್ದು ಅಬ್ಬಾರ ಕೆಲಸದಿಂದಾಗಿ. ಅವರು ಬೆಂಗಳೂರಿನವರು, ಹೂಫ್‌ಡಾರ್ಪಿನ ಒಂದು ಆಫೀಸಿನಲ್ಲಿ ವಿಮಾನಗಳ ಬುಕಿಂಗ್ ನೋಡುವ ಕಂಪ್ಯೂಟರುಗಳ ಜೊತೆ ಹೊಡೆದಾಡುತ್ತಿದ್ದರು. ಅಮ್ಮಿ ಮದುವೆಗೆ ಮುಂಚೆ ಕನ್ನಡ ಶಾಲೆಯ ಮೇಡಂ ಆಗಿದ್ದವಳು. ಮನೆಯಲ್ಲಿ ದಖನಿಯೂ ನಡೆಯುತ್ತಿತ್ತು, ಆದರೆ ಅಮ್ಮಿ ಬೈಯುವುದು, ಲೆಕ್ಕ ಹಾಕುವುದು, ಅಳುವುದು ಎಲ್ಲ ಕನ್ನಡದಲ್ಲೇ. ನಾನು ಶಾಲೆಯಿಂದ ಬರುವಾಗ ಡಚ್ಚು ಹೊತ್ತುಕೊಂಡು ಬರುತ್ತಿದ್ದೆ. ಅದನ್ನು ಅವಳು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡಿಸುತ್ತಿದ್ದಳು. ಅಬ್ಬಾ ಆಫೀಸಿಗೆ, ನಾನು ಶಾಲೆಗೆ ಹೋದಮೇಲೆ ಅವಳಿಗೆ ಉಳಿಯುತ್ತಿದ್ದದ್ದು ಕಿಟಕಿ, ಕಾಲುವೆ ಮತ್ತು ಬಾತುಕೋಳಿಗಳು. ಭಾನುವಾರ ನಾನಾ ಅಂಗಡಿಯ ಪಕ್ಕದ ಬೂತಿನಿಂದ ಫೋನ್ ಮಾಡಿ, ಅಲ್ಲಿ ಎಲ್ಲರ ಮನೆಯಲ್ಲೂ ಸೈಕಲ್ ಇದೆಯಂತಲ್ಲ, ಪಂಕ್ಚರ್ ಯಾರು ಹಾಕುತ್ತಾರೆ ಎಂದು ವಿಚಾರಿಸುತ್ತಿದ್ದರು. ಅವಳು ಮಿಕ್ಕ ವಾರವನ್ನು ಆ ಫೋನಿನ ನೆನಪಿನಲ್ಲಿ ತಳ್ಳುತ್ತಿದ್ದಳು. ನನ್ನ ತಾಯಿ ಅಲ್ಲಿ ಒಂಟಿಯಾಗಿದ್ದಳು ಎನ್ನುವುದು ನನಗೆ ಆಗ ತಿಳಿಯಲಿಲ್ಲ. ಅವಳು ಬಾತುಕೋಳಿಗಳಿಗೆ ಹೆಸರಿಟ್ಟಿದ್ದಾಳೆ ಎನ್ನುವುದಷ್ಟೇ ಗೊತ್ತಿತ್ತು, ನನಗದು ತಮಾಷೆಯಾಗಿ ಕಾಣುತ್ತಿತ್ತು.

ಮೊದಲ ರಂಜಾನಿನಲ್ಲಿ ಅಬ್ಬಾ ಕೆಳಗಿನ ಅಂಚೆಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಓದಿ, ಅವರಿವರನ್ನು ವಿಚಾರಿಸಿಕೊಂಡು ಬಂದರು. ಮೇಲಿನ ಮನೆಯವರು ಬೋಸ್ನಿಯಾದವರು, ಯುದ್ಧದಲ್ಲಿ ಊರು ಬಿಟ್ಟು ಬಂದವರು, ತಾಯಿ ಮತ್ತು ಮಗಳು, ತಾಯಿಯ ಹೆಸರು ಹಾಟಿಜಾ ಎಂದರು.

"ಹಾಟಿಜಾ ಅಲ್ರೀ ಅದು, ನಮ್ಮ ಖತೀಜಾ," ಎಂದಳು ಅಮ್ಮಿ. "ಈದಿನ ದಿವ್ಸ ಶೀರ್ ಖುರ್ಮಾ ಕಳಿಸ್ದೆ ಹೆಂಗಿರಕ್ಕಾಗುತ್ತೆ?"

ಡಬ್ಬಿ ಮೇಲೆ ಹೋಯಿತು. ಎರಡು ದಿನವಾದಮೇಲೆ ಖತೀಜಾ ಖಾಲಾ, ಅಂದರೆ ಖತೀಜಾ ಚಿಕ್ಕಮ್ಮ, ತಾವೇ ಕೆಳಗಿಳಿದು ಬಂದರು. ದಪ್ಪ ಮೈ, ತಲೆಗೆ ಹೂವಿನ ಸ್ಕಾರ್ಫು, ಮೆಟ್ಟಿಲಿಳಿದು ಬಂದ ಏದುಸಿರು. ಡಬ್ಬಿಯ ಅಂಚಿನಲ್ಲಿ ಚಾಕುವಿನ ಗೀರುಗಳಿದ್ದವು, ಮುಚ್ಚಳದ ಜೊತೆ ಅವರ ಮಗಳು ಅಮ್ರಾ ನಡೆಸಿದ ಕುಸ್ತಿಯ ಗುರುತು. ಒಳಗೆ ಖರ್ಜೂರದ ಆಕಾರದ, ಪಾಕದಲ್ಲಿ ನೆನೆದ ಸಿಹಿ ತುಂಬಿತ್ತು. ಅಮ್ಮಿ ಅದನ್ನು ನೋಡಿ ನನ್ನ ಕಡೆ ತಿರುಗಿದ ಮುಖ ಈಗಲೂ ನೆನಪಿದೆ. ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು ಎನ್ನುವುದು ನಾನಾ ಮನೆಯ ಕಟ್ಟುನಿಟ್ಟು. ಅದು ತುಂಗಭದ್ರೆಯ ದಡದ ರಿವಾಜು ಎಂದು ಅಮ್ಮಿ ತಿಳಿದಿದ್ದಳು. ಖತೀಜಾ ಖಾಲಾ ಅದನ್ನು ತಮ್ಮೂರಿನ ಸಾನಾ ನದಿಯ ದಡದ ರಿವಾಜು ಎಂದು ತಿಳಿದಿದ್ದರು.

ಹೀಗೆ ಇಬ್ಬರು ಹಟವಾದಿಗಳು ಎದುರುಬದುರಾದರು. ಡಬ್ಬಿ ತುಂಬಿ ಬಂತೆಂದು ಅಮ್ಮಿ ಮತ್ತೇನಾದರೂ ಮಾಡುತ್ತಿದ್ದಳು, ಅಮ್ಮಿ ಕಳಿಸಿದಳೆಂದು ಮೇಲಿನಿಂದ ತೆಪ್ಸಿ ತುಂಬ ಪಿತಾ ಇಳಿಯುತ್ತಿತ್ತು. ಹಾಳೆಯಂಥ ಹಿಟ್ಟಿನಲ್ಲಿ ಆಲೂಗಡ್ಡೆಯನ್ನೋ ಪಾಲಕ್ಕನ್ನೋ ಸುತ್ತಿ ಬಸವನಹುಳುವಿನಂತೆ ಸುರುಳಿ ಮಾಡಿ ಬೇಯಿಸಿದ್ದು. ಆ ತೆಪ್ಸಿಯಲ್ಲಿ ಉಪ್ಪಿಟ್ಟು ಹೋಯಿತು, ಆ ಡಬ್ಬಿಯಲ್ಲಿ ಪ್ಲಮ್ ಜಾಮ್ ಬಂತು. ಹುಣಸೆ ಚಿತ್ರಾನ್ನ ಹೋಯಿತು, ಅದನ್ನು ಅವರು ಏನು ಮಾಡಿದರೋ ಇಂದಿಗೂ ಗೊತ್ತಿಲ್ಲ. ಅಬ್ಬಾ, ಇದಕ್ಕೊಂದು ಕದನವಿರಾಮ ಬೇಕು, ನನ್ನ ಪ್ಯಾಂಟು ಹಿಡಿಸುತ್ತಿಲ್ಲ ಎಂದು ಗೊಣಗಿದರು. ಯಾರೂ ಕೇಳಲಿಲ್ಲ.

ಅವರಿಬ್ಬರ ಭಾಷೆ ಯಾವುದೆಂದು ನನ್ನನ್ನು ಕೇಳಬೇಡಿ. ಇಬ್ಬರದೂ ಮುರುಕಲು ಡಚ್ಚು, ಆದರೆ ಮುರಿದ ಜಾಗಗಳು ಬೇರೆ ಬೇರೆ. ಒಂದು ಮಧ್ಯಾಹ್ನ ಖತೀಜಾ ಖಾಲಾ ತಮ್ಮ ಸ್ವೆಟರಿನ ಜೇಬು ತೋರಿಸಿ 'ಜೆಪ್' ಎಂದರು. ಅಮ್ಮಿ ಜೇಬು ಎಂದಳು. ಅವರು ಸಾಪುನ್ ಎಂದರು, ಇವಳು ಸಾಬೂನು ಎಂದಳು. ಸಂದೂಕು, ಸಕ್ಕರೆ, ಮುಸಾಫಿರ, ದುಷ್ಮನ್, ಒಂದೊಂದೇ ಮಾತು ಎರಡೂ ಕಡೆಯಿಂದ ಮೇಜಿನ ಮೇಲೆ ಬಂದು ಕೂತವು. ಇಬ್ಬರೂ ಎಳೆಯ ಹುಡುಗಿಯರಂತೆ ನಕ್ಕರು. ಅಷ್ಟರಿಂದ ಸಾಲದಾದಾಗ ನನ್ನನ್ನು ಕರೆಯುತ್ತಿದ್ದರು. ಖಾಲಾ ಡಚ್ಚಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ಇಳಿಸಬೇಕು, ಅಮ್ಮಿಯದನ್ನು ಡಚ್ಚಿಗೆ ಏರಿಸಬೇಕು. ಇವತ್ತು ನಾನು ಕೋರ್ಟುಗಳಲ್ಲಿ, ಆಸ್ಪತ್ರೆಗಳಲ್ಲಿ ದುಭಾಷಿಯಾಗಿ ಕೂತು ಸಂಬಳ ಎಣಿಸುತ್ತೇನೆ. ಆಗ ಸಿಗುತ್ತಿದ್ದದ್ದು ಕಾಫಿಯಲ್ಲಿ ಅದ್ದಿದ ಒಂದು ಸಕ್ಕರೆ ಗಟ್ಟಿ. ರುಚಿ ಅದಕ್ಕೇ ಹೆಚ್ಚು.

ಅಬ್ಬಾರಿಗೆ ಖಾಲಾರ ಅಡುಗೆಗಿಂತ ಅವರ ಯುದ್ಧದ ಮೇಲೆ ಆಸಕ್ತಿ. ಬೆಂಗಳೂರಿನಲ್ಲಿ ಇದ್ದಿದ್ದರೆ ಹೋಟೆಲಿನ ಟೇಬಲ್ಲಿಗೆ ಆನಿಕೊಂಡು ರಾಜಕೀಯ ಮಾತಾಡುವ ಜಾತಿಯವರು, ಇಲ್ಲಿ ಕೇಳುವವರು ನಾನೂ ಅಮ್ಮಿಯೂ ಮಾತ್ರ. ದಿನವೂ ಪೇಪರ್ ಓದಿ, ಟಿವಿ ನೋಡಿ, ರಾತ್ರಿ ಊಟಕ್ಕೆ ಪಾಠ ಶುರು ಮಾಡುತ್ತಿದ್ದರು. ಉಪ್ಪಿನ ಬಟ್ಟಲು ಸರಾಯೆವೋದ ಅಧ್ಯಕ್ಷರು. ಉಪ್ಪಿನಕಾಯಿ ಶೀಶೆ ಬೆಲ್‌ಗ್ರೇಡಿನವರು. ಸಕ್ಕರೆ ಡಬ್ಬಿ ಜಾಗ್ರೆಬ್ಬಿನವರು. ಲಟ್ಟಣಿಗೆ ಮಾತ್ರ ಗುಡ್ಡದ ಮೇಲೆ ಕೂತು ಊರಿಗೆ ಫಿರಂಗಿ ಗುರಿಯಿಟ್ಟ ಜನರಲ್. ಮೊದಲು ಜನಮತ ಹಾಕಿದರು, ಆಮೇಲೆ ಮುತ್ತಿಗೆ, ಆಮೇಲೆ ಉಪ್ಪೂ ಸಕ್ಕರೆಯೂ ತಮ್ಮತಮ್ಮಲ್ಲೇ ಕಚ್ಚಾಡಿದವು, ಹಳೆಯ ಕಲ್ಲಿನ ಸೇತುವೆ ನದಿಗೆ ಬಿತ್ತು, ಆಮೇಲೆ ಅವೆರಡೂ ರಾಜಿಯಾದವು. ಡಚ್ ಸೈನಿಕರು ಕಾವಲಿದ್ದ ಊರು ಬಿದ್ದು ಸಾವಿರಾರು ಗಂಡಸರು ಹತರಾದ ಆ ಬೇಸಿಗೆಯ ವಿಷಯಕ್ಕೆ ಬಂದಾಗ ಅಬ್ಬಾ ದನಿ ತಗ್ಗಿಸುತ್ತಿದ್ದರು. ನಮ್ಮ ಕಟ್ಟಡದ ಡಚ್ಚರೂ ಆ ಊರಿನ ಹೆಸರು ಬಂದರೆ ಬೇಗನೆ ಹವಾಮಾನದ ಮಾತಿಗೆ ಹೊರಳುತ್ತಿದ್ದರು. ಕೊನೆಗೆ ಅಮೆರಿಕದಲ್ಲಿ ಮೂವರೂ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಪ್ಪಂದಕ್ಕೆ ಸಹಿ ಹಾಕಿದರು.

"ಅದೇ ಮೇನ್ ಟರ್ನಿಂಗ್ ಪಾಯಿಂಟ್ ಗೊತ್ತಾ," ಎನ್ನುತ್ತಿದ್ದರು ಅಬ್ಬಾ, ಪ್ರತಿ ಸಲವೂ ಬೇರೆ ಯಾವುದೋ ಘಟನೆಗೆ.

ಒಂದು ಭಾನುವಾರ ಮಧ್ಯಾಹ್ನ ಪಾಠ ನಡೆಯುತ್ತಿದ್ದಾಗಲೇ ಖಾಲಾ ತೆಪ್ಸಿ ಹಿಡಿದು ಬಂದರು. ಇನ್ನೊಬ್ಬರಾಗಿದ್ದರೆ ಮೇಜು ಸರಿಮಾಡುತ್ತಿದ್ದರು. ಅಬ್ಬಾ ಉತ್ಸಾಹದಿಂದ ಅವರನ್ನು ಕೂರಿಸಿ, ಅವರ ಯುದ್ಧವನ್ನು ಅವರಿಗೇ ಮೊದಲಿಂದ ವಿವರಿಸಿದರು. ಅಮ್ಮಿ ನಾಚಿಕೆಯಿಂದ ಸಿಂಕಿನ ಕಡೆ ತಿರುಗಿಕೊಂಡಳು. ಖಾಲಾ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಉಪ್ಪಿನಕಾಯಿ ಶೀಶೆಯನ್ನೂ ಲಟ್ಟಣಿಗೆಯನ್ನೂ ನೋಡಿ, ನನ್ನ ಮೂಲಕ ಕೇಳಿದರು.

"ಇದರಲ್ಲಿ ನಾನು ಎಲ್ಲಿದ್ದೇನೆ ಮೆನೀರ್?"

ಅಬ್ಬಾ ಒಗ್ಗರಣೆಗೆ ಇಟ್ಟಿದ್ದ ಶೇಂಗಾದಲ್ಲಿ ಒಂದು ಕಾಳು ತೆಗೆದು ಸಾನಾ ನದಿಯ ಜಾಗದಲ್ಲಿ ಇಟ್ಟರು. ಖಾಲಾ ಅದನ್ನೇ ಸ್ವಲ್ಪ ಹೊತ್ತು ನೋಡಿ, ಎತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಮ್ಮಿ ಸಿಂಕಿನ ಹತ್ತಿರ ನಿಂತೇ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಆ ದೇಶದಲ್ಲಿ ನಾನು ನೋಡಿದ್ದು ಅದೇ ಮೊದಲು, ನನಗೆ ಖಾಲಾರ ಮೇಲೆ ಪ್ರೀತಿ ಉಕ್ಕಿದ್ದೂ ಆಗಲೇ.

ತಮ್ಮ ಯುದ್ಧದ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಗಂಡ ಯುದ್ಧಕ್ಕೆ ಮುಂಚೆಯೇ ತೀರಿಕೊಂಡಿದ್ದರು, ಮನೆ ಸುಟ್ಟುಹೋಗಿತ್ತು, ನಾನು ಮತ್ತು ಅಮ್ರಾ ಉಳಿದೆವು, ಇಷ್ಟೇ. ಊರಿಗೆ ಹೋಗುವ ಮಾತು ಬಂದರೆ ಅಮ್ರಾ ಕೈಯಾಡಿಸಿಬಿಡುತ್ತಿದ್ದಳು. ಅವಳಿಗೆ ಇಲ್ಲಿ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತ್ತು. ಅವರ ಊರು ಒಪ್ಪಂದದಲ್ಲಿ ಉಪ್ಪಿನಕಾಯಿ ಶೀಶೆಯ ಕಡೆಯವರಾದ ಸರ್ಬರ ಭಾಗಕ್ಕೆ ಹೋಗಿತ್ತು. ಅಲ್ಲಿಗೆ ಹೋದರೆ ಕಾರಿನ ನಂಬರ್ ಪ್ಲೇಟ್ ನೋಡಿಯೇ ಇವರು ಯಾವ ಕಡೆಯವರು ಎಂದು ತಿಳಿದುಬಿಡುತ್ತಿತ್ತು. ಒಂದು ಬೆಳಿಗ್ಗೆ ಅಬ್ಬಾ ಪೇಪರ್ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ನೋಡಿಲ್ಲಿ, ಇನ್ಮೇಲೆ ಎಲ್ಲಾ ಕಡೆಗೂ ಒಂದೇ ಥರ ನಂಬರ್ ಪ್ಲೇಟ್ ಅಂತೆ. ಆ ಕಡೆಯವ್ರದು ಈ ಕಡೆಯವ್ರದು ಎರಡೂ ಲಿಪೀಲಿ ಒಂದೇ ಥರ ಇರೋ ಅಕ್ಷರ ಮಾತ್ರ ಹಾಕ್ತಾರೆ. ಗಾಡಿ ನೋಡಿ ಯಾರಿಗೂ ಏನೂ ಗೊತ್ತಾಗಲ್ಲ. ಒಪ್ಪಂದಕ್ಕೆ ಸೈನ್ ಹಾಕಿದ್ದಕ್ಕಿಂತ ಇದು ದೊಡ್ಡದು ಕಣೇ."

"ಸರಿ, ಫ್ರಿಜ್ಜಿನ ಬಾಗ್ಲು ಬಿಡ್ರಿ," ಎಂದಳು ಅಮ್ಮಿ. ಆದರೆ ಅವಳ ಕೈ ಲಟ್ಟಣಿಗೆಯ ಮೇಲೆ ನಿಂತುಹೋಯಿತು. ಮೇಲಿನ ಮನೆಯವರು ಹೊರಟುಹೋಗಬಹುದು ಎನ್ನುವುದು ಅವಳಿಗೆ ಆ ಕ್ಷಣ ಹೊಳೆದಿರಬೇಕು.

ಅದೇ ವಸಂತದಲ್ಲಿ, ನಾನು ಶಾಲೆಗೆ ಹೊರಡುವ ಹೊತ್ತಿಗೆ, ಫೋನ್ ಬಂತು. ಭಾನುವಾರವಲ್ಲದ ದಿನ ಹರಿಹರದಿಂದ ಫೋನ್ ಬಂದರೆ ಅದು ಒಳ್ಳೆಯದಕ್ಕಲ್ಲ. ನಾನಾ ಅಂಗಡಿಯ ಬಾಗಿಲು ತೆಗೆಯುತ್ತಲೇ ಕುಸಿದು ಹೋಗಿದ್ದರು. ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆ ಮಣ್ಣು. ಇವಳಿಗೆ ಟಿಕೆಟ್ ಸಿಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ಮಾಮು ಹೇಳಿದರು. ಅಮ್ಮಿ ರಿಸೀವರ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ದೊಡ್ಡದಾಗಿ ಅಳುವ ಮನುಷ್ಯರು ಆ ಕಟ್ಟಡದಲ್ಲಿ ಅದಕ್ಕೆ ಮುಂಚೆ ಇದ್ದಿರಲಾರರು. ಒಲೆ ಹಚ್ಚುವಂತಿಲ್ಲ. ಅಳುವಿನ ನಡುವೆ ಅವಳ ಕಣ್ಣಿಗೆ ಬಿದ್ದದ್ದು ಕಿಟಕಿ ಕಟ್ಟೆಯ ಮೇಲಿದ್ದ ತೆಪ್ಸಿ. ಹಿಂದಿನ ಸಂಜೆಯಷ್ಟೇ ಪಿತಾ ತುಂಬಿಕೊಂಡು ಬಂದದ್ದು.

"ಅದನ್ನ ತೊಳ್ದು ಅವ್ರ ಮನೆಗೆ ಕೊಟ್ಬಿಡ್ರಿ," ಎಂದಳು ಅಬ್ಬಾಗೆ. "ಸಾವಿನ ಮನೇಲಿ ಬೇರೇವ್ರ ಪಾತ್ರೆ ಇರಬಾರ್ದು. ಏನೂ ಹಾಕ್ಬೇಡ್ರಿ ಅದ್ರಾಗೆ. ಒಂದ್ ಕಾಳು ಸಕ್ರೆನೂ ಹೋಗ್ಬಾರ್ದು ನಮ್ಮನೆಯಿಂದ."

ಅದೂ ನಾನಾ ಮನೆಯದೇ ರಿವಾಜು. ಸೂತಕದ ಮನೆಯಿಂದ ತುಂಬಿದ ಪಾತ್ರೆ ಹೊರಗೆ ಹೋದರೆ ಅದರ ಜೊತೆ ದುಃಖವೂ ಹೋಗುತ್ತದೆ ಎಂದು ಅವರ ನಂಬಿಕೆ. ಅಂದರೆ ಅಮ್ಮಿ ಆ ಹೊತ್ತಿನಲ್ಲೂ ಖಾಲಾರ ಒಳ್ಳೆಯದನ್ನೇ ಯೋಚಿಸಿದ್ದಳು. ಅಬ್ಬಾ ತೊಳೆದು ಒರೆಸಿ ಮೇಲೆ ಹೋದರು. ಗಂಟೆ ಒತ್ತಿದರೆ ಯಾರೂ ಇಲ್ಲ. ಖಾಲಾ ಡಚ್ ಕ್ಲಾಸಿಗೆ ಹೋಗಿದ್ದರು. ಅಬ್ಬಾ ತೆಪ್ಸಿಯನ್ನು ಕಾಲೊರೆಸುವ ಮ್ಯಾಟಿನ ಮೇಲಿಟ್ಟು ಇಳಿದು ಬಂದರು. ನಾನಾ ತೀರಿಕೊಂಡ ಸುದ್ದಿಯನ್ನು ಮೇಲಿನ ಮನೆಗೆ ಅಮ್ಮಿ ತಿಳಿಸಿರುತ್ತಾಳೆ ಎಂದು ಅಬ್ಬಾ ಅಂದುಕೊಂಡರು, ಅಬ್ಬಾ ತಿಳಿಸಿರುತ್ತಾರೆ ಎಂದು ಅಮ್ಮಿ ಅಂದುಕೊಂಡಳು. ಯಾರೂ ತಿಳಿಸಲಿಲ್ಲ.

ಅಮ್ಮಿ ಕಾದಳು. ಆ ದಿನ ಬರಲಿಲ್ಲ, ಮರುದಿನ ಬರಲಿಲ್ಲ, ಮೂರನೆಯ ದಿನದ ಫಾತಿಹಾ ಪ್ರಾರ್ಥನೆಗೂ ಖಾಲಾ ಬರಲಿಲ್ಲ. ನೆದರ್‌ಲ್ಯಾಂಡಿನಲ್ಲಿ ಅವಳನ್ನು ತಬ್ಬಿಕೊಂಡು ಅಳಿಸಬಲ್ಲ ಮನುಷ್ಯರು ಒಬ್ಬರೇ ಇದ್ದರು, ಅವರ ಹೆಜ್ಜೆಗಳು ನಮ್ಮ ತಲೆಯ ಮೇಲೆ ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ಓಡಾಡುತ್ತಿದ್ದವು. ಮೆಟ್ಟಿಲಲ್ಲಿ ಅವರ ಸದ್ದು ಕೇಳಿದಾಗ ಅಮ್ಮಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಸದ್ದು ನಮ್ಮ ಬಾಗಿಲ ಮುಂದೆ ಬಂದೊಡನೆ ಬೇಗ ಬೇಗ ದಾಟಿಹೋಗುತ್ತಿತ್ತು. ದುಃಖದ ಮೇಲೆ ಅವಮಾನ ಕೂತಿತು.

"ಪಿತಾ ತಿನ್ನಕ್ಕೆ ನಾವ್ ಬೇಕಾಗಿತ್ತು, ಸಾವಿಗೆ ಬ್ಯಾಡ," ಎಂದಳು ಒಂದು ದಿನ.

"ಪಿತಾ ತಿಂದೋರು ನಾವು," ಎಂದರು ಅಬ್ಬಾ. ಅವತ್ತು ಫ್ರಿಜ್ಜಿನ ಜಗಳಕ್ಕಿಂತ ದೊಡ್ಡ ಜಗಳವಾಯಿತು. ಆ ಸಲ ನಮ್ಮಲ್ಲೇ ಉಳಿದಿದ್ದ ಡಬ್ಬಿ ಕಟ್ಟೆಯ ಮೇಲೆ ತೊಳೆದದ್ದು ತೊಳೆದಂತೆಯೇ ಕೂತಿತ್ತು. ಮನೆಯಲ್ಲಿ ಬೆಣ್ಣೆಯ ವಾಸನೆ ಹೋಗಿ ಬರೀ ಅಗರಬತ್ತಿಯ ವಾಸನೆ ಉಳಿಯಿತು. ನನಗೆ ನಾನಾರನ್ನು ಕಳೆದುಕೊಂಡದ್ದಕ್ಕಿಂತ ಖಾಲಾರನ್ನು ಕಳೆದುಕೊಂಡದ್ದೇ ಹೆಚ್ಚು ನೋವಾಗಿತ್ತು. ನಾನಾರನ್ನು ನಾನು ನೋಡಿದ್ದು ಕಡಿಮೆ, ಫೋನಿನಲ್ಲಿ ಕೇಳಿದ್ದೇ ಹೆಚ್ಚು.

ಕೆಲವು ವಾರಗಳಾಗಿದ್ದಿರಬೇಕು. ಶಾಲೆಯಿಂದ ಬಂದು ನಾನು ಹಾಲು ಕುಡಿಯುತ್ತಿದ್ದೆ. ಬಾಗಿಲ ಗಂಟೆ ಬಡಿಯಿತು. ಖತೀಜಾ ಖಾಲಾ ನಿಂತಿದ್ದರು, ಕೈಯಲ್ಲಿ ತೆಪ್ಸಿ. ಖಾಲಿ. ಒಳಗೆ ಬಂದು ಕೋಟೂ ತೆಗೆಯದೆ, ಕೂರದೆ, ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟರು. ಅಮ್ಮಿ ಎದ್ದು ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಇಬ್ಬರೂ ನನ್ನನ್ನೇ ನೋಡಿದರು.

"ನಿನ್ನ ತಾಯಿಗೆ ಹೇಳು," ಎಂದರು ಖಾಲಾ. "ಹಿಂದೆ ಒಂದು ಸಲ ಹೀಗೇ ಖಾಲಿ ಬಂದಿತ್ತು, ಹೀಗೇ ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಆಗ ನಾನು ಹೋಗಿ ಕೇಳಲಿಲ್ಲ. ಈ ಸಲ ಕೇಳುತ್ತೇನೆ. ನಾನೇನು ತಪ್ಪು ಮಾಡಿದೆ?"

ನಾನು ಕನ್ನಡದಲ್ಲಿ ಹೇಳಿದೆ. ಅಮ್ಮಿ ತೆಪ್ಸಿಯನ್ನು ತನ್ನ ಕಡೆ ಎಳೆದುಕೊಂಡಳು.

"ಏನೂ ಮಾಡ್ಲಿಲ್ಲ ಅಂತ ಹೇಳು. ನಮ್ಮಪ್ಪ ಹೋದ್ರು, ಒಂದ್ ಮಾತು ಕೇಳಕ್ಕೆ ಬರ್ಲಿಲ್ಲ ಅಂತ ಹೇಳು. ಸಾವಿನ ಮನೆಯಿಂದ ಪಾತ್ರೆ ತುಂಬಿ ಕಳಿಸಬಾರ್ದು, ಅದಕ್ಕೇ ಖಾಲಿ ಕಳಿಸ್ದೆ ಅಂತ ಹೇಳು. ಅವ್ರಿಗೆ ಒಳ್ಳೇದಾಗ್ಲಿ ಅಂತ."

ಅದನ್ನು ಡಚ್ಚಿಗೆ ತಿರುಗಿಸಿದೆ. ಖಾಲಾ ಎದೆಯ ಮೇಲೆ ಕೈಯಿಟ್ಟುಕೊಂಡು ತಮ್ಮ ಭಾಷೆಯಲ್ಲಿ ಏನೋ ಅಂದರು. ಅದರಲ್ಲಿ ಸತ್ತವರಿಗೆ ಕೋರುವ ರಹಮತ್ ಎಂಬ ಮಾತು ಮಾತ್ರ ನಮಗೆ ತಿಳಿಯಿತು, ಅಷ್ಟು ಸಾಕಾಯಿತು. ಅವರ ದಪ್ಪ ತೋಳುಗಳಲ್ಲಿ ಅಮ್ಮಿ ಕಾಣಿಸದಂತೆ ಹುದುಗಿಹೋದಳು. ಅಲ್ಲಿ ನನ್ನ ಅಗತ್ಯವಿರಲಿಲ್ಲ. ನಾನು ಫ್ರಿಜ್ಜಿಗೆ ಒರಗಿಕೊಂಡು ಅತ್ತೆ.

ಕಾಫಿ ಆದಮೇಲೆ ಅವರು ತಮ್ಮ ಯುದ್ಧವನ್ನು ಮೊದಲ ಸಲ ಹೇಳಿದರು. ಪಕ್ಕದ ಮನೆಯಲ್ಲಿ ಸ್ಲಾವ್ಕಾ ಎಂಬ ಸರ್ಬ್ ಹೆಂಗಸು. ಇಬ್ಬರೂ ಒಂದೇ ವರ್ಷ ಆ ಬೀದಿಗೆ ಮದುವೆಯಾಗಿ ಬಂದವರು. ಈದಿಗೆ ಇವರ ಮನೆಯಿಂದ ತೆಪ್ಸಿ ತುಂಬ ಬಕ್ಲಾವಾ ಹೋಗುವುದು, ಈಸ್ಟರಿಗೆ ಅದೇ ತೆಪ್ಸಿಯಲ್ಲಿ ಕೆಂಪು ಬಣ್ಣ ಹಾಕಿದ ಮೊಟ್ಟೆಗಳು ಬರುವುದು. ಮಕ್ಕಳು ಹುಟ್ಟಿದರು, ಗಂಡ ಸತ್ತರು, ತೆಪ್ಸಿ ತಪ್ಪಲಿಲ್ಲ. ಊರು ಬಿಟ್ಟ ವರ್ಷದ ವಸಂತದಲ್ಲಿ ಈದಿನ ಬಕ್ಲಾವಾ ಎಂದಿನಂತೆ ಹೋಯಿತು. ಈಸ್ಟರಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ತೆಪ್ಸಿ ಇತ್ತು, ತೊಳೆದದ್ದು, ಖಾಲಿ.

"ನಿಮ್ಮ ಅಪ್ಪ ಹೇಳುವ ಅಧ್ಯಕ್ಷರು, ಜನರಲ್‌ಗಳು ನನಗೆ ಗೊತ್ತಿಲ್ಲ," ಎಂದರು ನನಗೆ. "ನನಗೆ ಯುದ್ಧ ಶುರುವಾದದ್ದು ಅವತ್ತು. ಸ್ಲಾವ್ಕಾಳೇ ಹೀಗೆ ಮಾಡಿದಮೇಲೆ ಇಲ್ಲಿ ನಮಗೇನಿದೆ ಎಂದುಕೊಂಡೆ. ಎರಡನೆಯ ದಿನ ಅಮ್ರಾಳನ್ನು ಕರೆದುಕೊಂಡು ಹೊರಟೆ. ಅದೇ ವಾರ ಊರನ್ನು ಹಿಡಿದರು. ಆಮೇಲೆ ಬೀದಿಗೆ ಬೆಂಕಿ ಹಚ್ಚಿದರು. ಬಂದೂಕು ಹಿಡಿದವರನ್ನು ನಾನು ಎಂದೋ ಮರೆತೆ. ಅವಳನ್ನು ಮಾತ್ರ ಇವತ್ತಿನವರೆಗೆ ಕ್ಷಮಿಸಲಿಲ್ಲ."

ಹೇಳುತ್ತ ಹೇಳುತ್ತ ಅವರು ನಿಲ್ಲಿಸಿದರು. ಮೇಜಿನ ಮೇಲಿನ ಖಾಲಿ ತೆಪ್ಸಿಯನ್ನು ನೋಡಿದರು, ಅಮ್ಮಿಯನ್ನು ನೋಡಿದರು. ಅವರ ಮುಖದಲ್ಲಿ ಆಗುತ್ತಿದ್ದುದು ನನಗೂ ಕಂಡಿತು.

"ಅವಳಿಗೂ ಏನಾದರೂ ಕಾರಣ ಇತ್ತೋ ಏನೋ," ಎಂದರು.

"ಹೋಗಿ ಕೇಳ್ರಿ ಅಂತ ಹೇಳು," ಎಂದಳು ಅಮ್ಮಿ.

ಹೇಳಿದ ಮೇಲೆ ಅವಳು ತನ್ನ ಮಾತಿಗೆ ತಾನೇ ಬೆಚ್ಚಿದಳು. ಇದ್ದ ಒಬ್ಬ ಗೆಳತಿಯನ್ನು ಅದೇ ತಾನೇ ಮರಳಿ ಪಡೆದು, ಅದೇ ಬಾಯಲ್ಲಿ ಹೋಗಿ ಎಂದಿದ್ದಳು. ನಾನು ಅನುವಾದಿಸದೆ ಅವಳ ಮುಖವನ್ನೇ ನೋಡಿದೆ, ಬದಲಾಯಿಸುತ್ತಾಳೇನೋ ಎಂದು. ಅವಳು ಕಣ್ಣಲ್ಲೇ ಹೇಳು ಎಂದಳು. ಹೇಳಿದೆ. ನನ್ನ ತಾಯಿಯ ಬಗ್ಗೆ ನನಗಿರುವ ಹೆಮ್ಮೆಯ ಬಹುಪಾಲು ಆ ಒಂದು ಕ್ಷಣದ್ದು.

ಬೇಸಿಗೆಯಲ್ಲಿ ಖಾಲಾ ಬಸ್ಸು ಹಿಡಿದು ಹೊರಟರು. ನೋಡಿಕೊಂಡು ಬರುತ್ತೇನೆ ಎಂದರು, ಆದರೆ ಹಾಸಿಗೆ ಸಮೇತ ಕಟ್ಟಿದ ಗಂಟು ನೋಡಿದವರಿಗೆ ಎಲ್ಲ ತಿಳಿಯುತ್ತಿತ್ತು. ಆ ಮನೆಗೆ ಛಾವಣಿಯೇ ಇಲ್ಲವಲ್ಲ, ಚಳಿಗಾಲದಲ್ಲಿ ಏನು ಮಾಡುತ್ತೀಯ ಎಂದು ಅಮ್ರಾ ಅಳುತ್ತ ಜಗಳವಾಡಿದಳು. ಗೋಡೆ ಇದೆಯಲ್ಲ ಎಂದರು ಖಾಲಾ. ಅಮ್ಮಿ ಹಿಂದಿನ ದಿನವೆಲ್ಲ ನಿಂತು ಶೇಂಗಾ ಹೋಳಿಗೆ ಮಾಡಿದ್ದಳು, ವಾರವಾದರೂ ಕೆಡದಂಥದ್ದು. ಅದನ್ನು ಯಾವುದಾದರೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ನಾನಾ ಹೆಸರು ಕೊರೆಸಿದ ಡಬ್ಬಿಯಲ್ಲೇ ತುಂಬಿದಳು. ಅಬ್ಬಾ ಏನೋ ಹೇಳಲು ಬಾಯಿ ತೆರೆದರು.

"ನೀವ್ ಸುಮ್ನಿರ್ರಿ," ಎಂದಳು. ಆಮೇಲೆ ನನಗೆ, "ದಾರೀಲಿ ತಿಂದು ಮುಗಿಸ್ಬೇಡ್ರಿ ಅಂತ ಹೇಳು. ಆ ಹೆಂಗ್ಸಿನ ಮನೆಗೆ ಬರಿಗೈಲಿ ಹೋಗ್ಬಾರ್ದು."

ಖಾಲಾ ಮುಚ್ಚಳದ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಸವರಿದರು. ಎಲ್ಲಿ ಏಟು ಹಾಕಬೇಕೆಂದು ಅಮ್ಮಿ ತೋರಿಸಿಕೊಟ್ಟಳು. ತೆಪ್ಸಿಯನ್ನು ನಮ್ಮಲ್ಲೇ ಬಿಟ್ಟುಹೋದರು.

ತಿಂಗಳಾದಮೇಲೆ ಫೋನ್ ಬಂತು. ನಾನೂ ಅಮ್ಮಿಯೂ ರಿಸೀವರಿಗೆ ಎರಡು ಕಡೆಯಿಂದ ಕಿವಿಯಿಟ್ಟೆವು. ಮನೆಯೊಳಗೆ ಪ್ಲಮ್ ಗಿಡ ಬೆಳೆದಿದೆ ಎಂದರು ಖಾಲಾ. ಯಾವುದೋ ಸಂಸ್ಥೆಯವರು ಮರ ಮತ್ತು ಹೆಂಚು ಕೊಡುತ್ತಾರಂತೆ, ಸದ್ಯಕ್ಕೆ ಒಂದು ಕೋಣೆಗೆ ಸಾಕಾಗುತ್ತದೆ. ಸ್ಲಾವ್ಕಾ ಅದೇ ಮನೆಯಲ್ಲೇ ಇದ್ದಾಳೆ.

"ಕೇಳಿದ್ರಾ ಅಂತ ಕೇಳು," ಎಂದಳು ಅಮ್ಮಿ.

"ಕೇಳಿದೆ. ಅವತ್ತು ಅವಳ ಮೈದುನ ಬಂದೂಕು ಹಿಡಿದು ಅಂಗಳದಲ್ಲೇ ಕೂತಿದ್ದನಂತೆ. ನನ್ನ ಹತ್ತಿರ ಮಾತಾಡುವ ಹಾಗಿರಲಿಲ್ಲವಂತೆ. ತೆಪ್ಸಿ ಖಾಲಿ ಕಂಡರೆ ನಾನೇ ತಿಳಿದುಕೊಂಡು ಊರು ಬಿಡುತ್ತೇನೆ ಅಂತ ಹಾಗೆ ಮಾಡಿದಳಂತೆ."

"ನಿಜಾನಾ?"

"ಗೊತ್ತಿಲ್ಲ. ಅವಳಿಗೂ ಇಷ್ಟು ವರ್ಷ ಯೋಚಿಸುವುದಕ್ಕೆ ಸಮಯ ಇತ್ತು. ಆಗಲೇ ನಿಜವಿತ್ತೋ, ಆಮೇಲೆ ನಿಜವಾಯಿತೋ. ಅದನ್ನು ನೋಡಿ ನಾನು ಹೊರಟದ್ದಂತೂ ನಿಜ. ಹೊರಟದ್ದಕ್ಕೆ ಬದುಕಿದ್ದೇನೆ." ಆಮೇಲೆ ಹೇಳಿದರು, "ಮುಚ್ಚಳ ತೆಗೆದು ತೋರಿಸಿ, ಡಬ್ಬಿ ಕೊಟ್ಟು ಬಂದೆ. ಅವಳು ಬಾಗಿಲು ಹಾಕಿಕೊಂಡಳು. ಇನ್ನು ಅವಳ ಸರದಿ."

ಅಮ್ಮಿ ಆ ಚಳಿಗಾಲವಿಡೀ ಡಬ್ಬಿಯ ಸುದ್ದಿಗೆ ಕಾದಳು. ಖಾಲಾರಿಂದ ಫೋನ್ ಬಂದಾಗಲೆಲ್ಲ ಹೆಂಚಿನ ಮಾತು, ಹಿಮದ ಮಾತು, ಅಮ್ರಾ ಕಳಿಸಿದ ಮೊಬೈಲಿನ ಮಾತು ಬಂತು, ಡಬ್ಬಿ ಬರಲಿಲ್ಲ. ಅಂಥದ್ದೇ ಇನ್ನೊಂದು ತರಿಸೋಣ ಎಂದು ಅಬ್ಬಾ ಹೇಳಿ ಬೈಸಿಕೊಂಡರು. ಬಾತುಕೋಳಿಗಳಿಗೆ ಹಾಕುವ ರೊಟ್ಟಿಯ ಚೂರನ್ನು ಅಮ್ಮಿ ತೆಪ್ಸಿಯಲ್ಲಿ ಇಡತೊಡಗಿದಳು, ಅದು ಖಾಲಿ ಇರಬಾರದೆಂದು.

ವಸಂತದಲ್ಲಿ, ಒಂದು ಭಾನುವಾರ, ನಾನಾರ ಫೋನ್ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಫೋನಿನ ಗಂಟೆ ಹೊಡೆಯಿತು. ಖಾಲಾರ ದನಿ. ಇವತ್ತು ಸ್ಲಾವ್ಕಾಳ ಈಸ್ಟರ್ ಎಂದರು.

"ಡಬ್ಬಿ ಬಂತು ಅಂತ ಅಮ್ಮನಿಗೆ ಹೇಳು. ಬೆಳಿಗ್ಗೆ ಬಾಗಿಲು ಬಡಿಯಿತು. ತೆಗೆದು ನೋಡಿದರೆ ಡಬ್ಬಿ ಹಿಡಿದು ನಿಂತಿದ್ದಾಳೆ. ಕೈಗೆ ಕೊಟ್ಟಳು, ಹಗುರ, ಖಾಲಿ. ನನ್ನ ಎದೆ ನಿಂತೇಹೋಯಿತು. ಆಮೇಲೆ ನೋಡುತ್ತೇನೆ, ಮೊಟ್ಟೆಯೆಲ್ಲ ಏಪ್ರನ್ನಿನಲ್ಲಿ ಕಟ್ಟಿಕೊಂಡಿದ್ದಾಳೆ. ಈ ಹಾಳು ಮುಚ್ಚಳ ಬಿಚ್ಚಲಿಕ್ಕೆ ಬರುತ್ತಿಲ್ಲ, ಬೆಳಗಿನಿಂದ ಒದ್ದಾಡಿದೆ, ನೀನೇ ತೆಗೆದುಕೊಡು ಎಂದಳು."

ನಾನು ಹೇಳಿದೆ. ಅಮ್ಮಿ ನಗಲಿಲ್ಲ. ದುಪಟ್ಟಾದ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನಾ ಸ್ಟೂಲಿನ ಮೇಲೆ ಕೂತು ಬರೆಸಿದ ಆ 'ಮ' ಎಷ್ಟು ದೂರ ಹೋಗಿ ಏಟು ತಿಂದಿತೆಂದು ಯೋಚಿಸುತ್ತಿದ್ದಳೋ ಏನೋ. ಆಮೇಲೆ ಅವಳ ಹಳೆಯ ಮೇಡಂ ದನಿ ಬಂತು.

"ಬಾಗ್ಲಾಗೇ ನಿಲ್ಲಿಸಿ ಕಳಿಸಿಬಿಟ್ರೋ, ಒಳಗೆ ಕರೆದ್ರೋ? ಕೇಳು."

ಕೇಳಿದೆ. ಆ ಕಡೆ ಒಂದು ಕಪ್ಪು ಬಸಿಯ ಮೇಲೆ ಕೂತ ಸದ್ದು, ಇನ್ನೊಬ್ಬ ಹೆಂಗಸು ಕೆಮ್ಮಿದ ಸದ್ದು.

"ಇಲ್ಲೇ ಕೂತಿದ್ದಾಳೆ," ಎಂದರು ಖಾಲಾ. "ಎರಡನೇ ಕಾಫಿ."